ಸೂಡಿಯಿಂದ ನೀರೊಳಗಿನ ದೀಪದವರೆಗೆ

ಕರ್ನಾಟಕದಲ್ಲಿ ಮೀನಿಗೂ ದೀಪಕ್ಕೂ ಇರುವ ನಂಟು ಎರಡು ಬೇರೆ ಬೇರೆ ನೆಲೆಗಳಲ್ಲಿ ಬೆಳೆದುಬಂದಿದೆ. ತರೀಕೆರೆಯ ಪಡುವಣ ಹೋಬಳಿಗಳಂತಹ ಮಲೆನಾಡಿನ ಅಂಚಿನ ಸೀಮೆಯಲ್ಲಿ ಮುಂಗಾರಿನ ಮೊದಲ ರಾತ್ರಿಗಳಂದು ಹಳ್ಳದ ದಡದಲ್ಲಿ, ಗದ್ದೆಯ ಬದುವಿನಲ್ಲಿ ಹಿಡಿಯುವ ಬೆಳಕು ಒಂದು ನೆಲೆಯದಾದರೆ, ಮಲ್ಪೆ, ಮಂಗಳೂರುಗಳ ಕಡಲಿನಲ್ಲಿ ಯಂತ್ರದೋಣಿಗಳಿಂದ ನೀರಿನೊಳಕ್ಕೆ ಇಳಿಬಿಟ್ಟ ಬೆಳಕು ಇನ್ನೊಂದು ನೆಲೆಯದು. ಮೊದಲನೆಯದು ತನ್ನ ಕಾರಣಕ್ಕಾಗಿ ತಾನೇ ಬರುತ್ತಿರುವ ಮೀನನ್ನು ಕಾಣುವುದಕ್ಕೆ ಮಾತ್ರ ನೆರವಾಗುತ್ತದೆ. ಎರಡನೆಯದು ಬಾರದ ಮೀನನ್ನು ಬರಮಾಡಿಕೊಳ್ಳುತ್ತದೆ. ಇಂದು ವಿಹಾರದ ಮೋಟಾರು ದೋಣಿಗಳ ತಳಕ್ಕೆ ಅಲಂಕಾರಕ್ಕಾಗಿ ಜೋಡಿಸುವ ನೀರೊಳಗಿನ ದೀಪವಾಗಲಿ, ಮೀನುಗಾರಿಕೆಯಲ್ಲಿ ನಿಷೇಧಕ್ಕೆ ಒಳಗಾದ ಎಲ್‌ಇಡಿ ದೀಪವಾಗಲಿ ಈ ಎರಡನೆಯ ನೆಲೆಯಿಂದ ಬಂದವು. ಇವುಗಳ ಆಯ್ಕೆ, ಜೋಡಣೆ ಮತ್ತು ವಿವಾದಗಳನ್ನು ಅರಿಯಬೇಕಾದರೆ ದೀಪವು ಮನುಷ್ಯನ ಕೈಯಿಂದ ದೋಣಿಯ ಅಂಚಿಗೂ, ಅಲ್ಲಿಂದ ನೀರಿನ ಒಡಲಿಗೂ ಇಳಿದ ಬಗೆಯನ್ನು ಹಿಂಬಾಲಿಸಬೇಕಾಗುತ್ತದೆ.

ತರೀಕೆರೆ ಸೀಮೆಯ ನೀರಿನ ಸ್ವರೂಪ ಒಂದೇ ಬಗೆಯದಲ್ಲ. ಮೂಡಣಕ್ಕೆ ಕಡೂರು, ಅಜ್ಜಂಪುರಗಳ ಬಯಲು ಕೆರೆಗಳ ನಾಡು. ಬಾಬಾಬುಡನ್‌ಗಿರಿಯಿಂದ ಇಳಿದು ಬರುವ ವೇದಾ ಮತ್ತು ಅವತಿ ಹಳ್ಳಗಳು ಅಯ್ಯನಕೆರೆ, ಮದಗದ ಕೆರೆಗಳನ್ನು ತುಂಬಿ, ಮುಂದೆ ಕೂಡಿ ವೇದಾವತಿಯಾಗುತ್ತವೆ. ಪಡುವಣಕ್ಕೆ ಲಿಂಗದಹಳ್ಳಿ, ಲಕ್ಕವಳ್ಳಿಗಳ ಕಡೆ ಕಾಡು ದಟ್ಟವಾಗುತ್ತ, ಮಳೆ ಹೆಚ್ಚುತ್ತ, ಭದ್ರಾ ನದಿಯ ಕಣಿವೆ ತೆರೆದುಕೊಳ್ಳುತ್ತದೆ. ಕೆರೆಯ ನಾಡಿನಲ್ಲಿ ಮೀನು ಹಿಡಿಯುವುದು ಬೇಸಗೆಯ ಕೆಲಸ. ನೀರು ಬತ್ತಿ ಅಂಗಳ ಕಾಣತೊಡಗಿದಾಗ ಬೆಸ್ತರು ಹಗಲಿನಲ್ಲಿಯೇ ಬಲೆ ಬೀಸಿ, ಎಳೆದು ಮುಗಿಸುತ್ತಿದ್ದ ಆ ಕೆಲಸಕ್ಕೆ ದೀಪದ ಹಂಗಿರಲಿಲ್ಲ. ದೀಪ ಬೇಕಾದದ್ದು ಪಡುವಣದ ಹಳ್ಳಗಳಲ್ಲಿ, ಅದೂ ವರ್ಷದಲ್ಲಿ ಕೆಲವೇ ರಾತ್ರಿಗಳಂದು.

ಮೃಗಶಿರಾ, ಆರಿದ್ರಾ ಮಳೆಗಳು ಹಿಡಿದು ಹಳ್ಳಗಳಿಗೆ ಕೆಂಪು ನೀರು ಬಂದೊಡನೆ ಹೊಳೆಯ ಮೀನುಗಳು ಹರಿವಿಗೆ ಎದುರಾಗಿ ಮೇಲೇರುತ್ತ ತೋಡು, ಕಾಲುವೆಗಳನ್ನು ಹಾಯ್ದು ನೀರು ನಿಂತ ಗದ್ದೆಗಳವರೆಗೆ ಬರುತ್ತವೆ. ಮಲೆನಾಡಿನಲ್ಲಿ ಇದನ್ನು ಹತ್ತುಮೀನು, ಅಂದರೆ ನೀರನ್ನು ಹತ್ತಿ ಬರುವ ಮೀನು ಎನ್ನುತ್ತಾರೆ. ಮುಗುಡು, ಗಿರ್ಲು ಮೊದಲಾದ ಮೀಸೆಯುಳ್ಳ ಮೀನುಗಳೂ ಸಣ್ಣ ಗೆಂಡೆ ಜಾತಿಯವೂ ಹೀಗೆ ಏರುವುದು ಮೊಟ್ಟೆ ಇಡುವುದಕ್ಕಾಗಿ. ತಗ್ಗು ನೀರಿನಲ್ಲಿ, ಹುಲ್ಲಿನ ಬುಡದಲ್ಲಿ ಇಟ್ಟ ಮೊಟ್ಟೆಗಳು ಹೊಳೆಯ ಸೆಳವಿಗೆ ಕೊಚ್ಚಿಹೋಗುವುದಿಲ್ಲ, ಮರಿಗಳಿಗೆ ಹೊಸನೀರಿನ ಸೂಕ್ಷ್ಮಜೀವಿಗಳು ಬೇಕಾದಷ್ಟು ಸಿಗುತ್ತವೆ. ಏರಾಟ ಬಹುಮಟ್ಟಿಗೆ ರಾತ್ರಿಯಲ್ಲಿಯೇ ನಡೆಯುವುದರಿಂದ ಊರಿನ ಗಂಡಸರು, ಹುಡುಗರು ಕಂಬಳಿ ಕೊಪ್ಪೆ ಹಾಕಿಕೊಂಡು, ಒಂದು ಕೈಯಲ್ಲಿ ಬೆಳಕು, ಇನ್ನೊಂದರಲ್ಲಿ ಕತ್ತಿ ಹಿಡಿದು ತೋಡಿನುದ್ದಕ್ಕೆ ನಡೆದು, ಮೊಳಕಾಲಿನಷ್ಟು ನೀರಿನಲ್ಲಿ ಬೆನ್ನು ತೋರಿಸಿ ಹೋಗುವ ಮೀನನ್ನು ಕಡಿಯುತ್ತಿದ್ದರು. ನೀರು ಕಿರಿದಾಗಿ ಧುಮುಕುವ ಕಡೆಗಳಲ್ಲಿ ಬಿದಿರಿನ ಕೂಣಿ, ಅಂದರೆ ಒಳಹೋದ ಮೀನು ಹೊರಬರಲಾಗದಂತೆ ಹೆಣೆದ ಬುಟ್ಟಿಬಲೆ, ಇಟ್ಟು ಬೆಳಗಿನವರೆಗೆ ಬಿಡುವುದೂ ಉಂಟು. ಕೂಣಿಗೆ ದೀಪ ಬೇಡ, ಕಡಿಯುವವನಿಗೆ ದೀಪವಿಲ್ಲದೆ ನಡೆಯದು.

ಈ ಬೇಟೆಯ ಬೆಳಕು ತಲೆಮಾರುಗಳಲ್ಲಿ ಬದಲಾಗುತ್ತ ಬಂದಿದೆ. ಒಣಬಿದಿರಿನ ಸೀಳು, ತೆಂಗಿನ ಗರಿಗಳನ್ನು ಬಿಗಿಯಾಗಿ ಕಟ್ಟಿ ಹೊತ್ತಿಸುವ ಸೂಡಿ ಅತ್ಯಂತ ಹಳೆಯದು. ತುಳುನಾಡಿನ ತೂಟೆಯೂ ಇದೇ ಬಗೆಯದು. ಮಳೆಯಲ್ಲಿ ಸೂಡಿ ಬೇಗ ಆರುತ್ತದೆ, ಹೊಗೆಯೂ ಹೆಚ್ಚು, ಆದುದರಿಂದ ಮಳೆ ಹೊಳವಾದ ಹೊತ್ತನ್ನು ಕಾದು ಹೊರಡಬೇಕಾಗಿತ್ತು. ಸೀಮೆಎಣ್ಣೆ ಹಳ್ಳಿಗಳಿಗೆ ಬಂದ ಮೇಲೆ ಗಾಜಿನ ಬುರುಡೆಯ ಲಾಟೀನು ಮಳೆಯ ತೊಂದರೆಯನ್ನು ನೀಗಿತಾದರೂ ಅದರ ಬೆಳಕು ನೀರಿನೊಳಕ್ಕೆ ಇಳಿಯುವಷ್ಟು ಪ್ರಖರವಾಗಿರಲಿಲ್ಲ. ನಿಜವಾದ ಬದಲಾವಣೆ ತಂದದ್ದು ಒತ್ತಡದ ದೀಪ. ಆಸ್ಟ್ರಿಯಾದ ಆವರ್ ಫಾನ್ ವೆಲ್ಸ್‌ಬಾಖ್ 1885ರಲ್ಲಿ ಹಕ್ಕುಪತ್ರ ಪಡೆದ ಮ್ಯಾಂಟಲ್ ಎಂಬ ಜಾಲರಿಬತ್ತಿಯು ಉರಿಯಲ್ಲಿ ಕಾದು ಬಿಳಿಯಾಗಿ ಬೆಳಗುತ್ತದೆ. ಇದಕ್ಕೆ ಗಾಳಿಯೊತ್ತಡದಿಂದ ಸೀಮೆಎಣ್ಣೆಯ ಆವಿಯನ್ನು ಊಡುವ ಪೆಟ್ರೋಮ್ಯಾಕ್ಸ್ ದೀಪವನ್ನು ಬರ್ಲಿನ್ನಿನ ಕಂಪನಿಯೊಂದು 1910ರ ಸುಮಾರಿಗೆ ಮಾರುಕಟ್ಟೆಗೆ ತಂದಿತು. ಯಕ್ಷಗಾನದ ರಂಗಸ್ಥಳದಲ್ಲಿ, ಮದುವೆಯ ದಿಬ್ಬಣದಲ್ಲಿ ಗ್ಯಾಸ್‌ಲೈಟು ಎಂದು ಹೆಸರಾದ ಈ ದೀಪವೇ ಮೀನಿನ ಹಳ್ಳಕ್ಕೂ ಇಳಿಯಿತು. ಮುಂದೆ ಜನರು ಬ್ಯಾಟರಿ ಎಂದೇ ಕರೆಯುವ ಕೈದೀಪ, ಈಚೆಗೆ ತಲೆಗೆ ಕಟ್ಟುವ ಟಾರ್ಚು ಬಂದು ಕಡಿಯುವವನಿಗೆ ಎರಡು ಕೈಗಳೂ ಬಿಡುವಾದವು.

ಹಳೆಯ ರೂಢಿ ಎಂಬ ಕಾರಣಕ್ಕೆ ಇದನ್ನು ನಿರಪಾಯವೆಂದು ಬಗೆಯುವುದು ಸರಿಯಾಗದು. ಮೊಟ್ಟೆ ಹೊತ್ತು ಏರುತ್ತಿರುವ ಮೀನನ್ನೇ ಇಲ್ಲಿ ಕೊಲ್ಲಲಾಗುತ್ತದೆ; ಸೂಡಿಯ ಮಂದ ಬೆಳಕು, ಮಳೆಯ ಅಡ್ಡಿ, ಕೆಲವೇ ರಾತ್ರಿಗಳ ಅವಧಿ ಇವು ಸೇರಿ ಅದನ್ನು ಮಿತಿಯಲ್ಲಿ ಇಟ್ಟಿದ್ದವು. ಪ್ರಖರ ಬೆಳಕು ಬಂದಂತೆ ಆ ಮಿತಿ ಸಡಿಲವಾಯಿತು. ಆದರೆ ಸೂಡಿಯಾಗಲಿ ಗ್ಯಾಸ್‌ಲೈಟಾಗಲಿ ಮೀನನ್ನು ಹಳ್ಳಕ್ಕೆ ಕರೆತಂದದ್ದಲ್ಲ, ಮಳೆ ಬಾರದ ವರ್ಷ ಎಷ್ಟು ದೀಪ ಹಿಡಿದರೂ ಮೀನು ಹತ್ತುವುದಿಲ್ಲ. ವಸಾಹತು ಕಾಲದ ಕಾನೂನಿನ ಕಣ್ಣಿಗೂ ದೀಪ ಬಿದ್ದಿರಲಿಲ್ಲ. 1897ರ ಭಾರತೀಯ ಮೀನುಗಾರಿಕೆ ಕಾಯಿದೆಯ ಮುಖ್ಯ ಆತಂಕ ನೀರಿಗೆ ಸಿಡಿಮದ್ದು ಎಸೆಯುವುದು ಮತ್ತು ವಿಷ ಬೆರೆಸುವುದು; ಮೈಸೂರು ಸಂಸ್ಥಾನವೂ 1901ರಲ್ಲಿ ಬೇಟೆಪ್ರಾಣಿ ಮತ್ತು ಮೀನುಗಳ ರಕ್ಷಣೆಗೆ ಪ್ರತ್ಯೇಕ ಕಟ್ಟಳೆಯನ್ನು ಮಾಡಿತ್ತು.

ಮೀನನ್ನು ಬರಮಾಡಿಕೊಳ್ಳುವ ವಿದ್ಯೆಗೆ ಕನ್ನಡನಾಡಿನಲ್ಲಿ ಬೇರೊಂದು ಪರಂಪರೆಯಿದೆ, ಅದು ಎರೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಮೊದಲರ್ಧದಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದ ಮತ್ಸ್ಯವಿನೋದ ಎಂಬ ಭಾಗದಲ್ಲಿ ಮೀನುಗಳ ಬಗೆಗಳು, ಅವುಗಳಿಗೆ ಉಣಿಸಬೇಕಾದ ತಿನಿಸು, ಗಾಳ ಮತ್ತು ದಾರಗಳ ವಿವರಗಳಿವೆ; ಮೀನುಶಾಸ್ತ್ರಜ್ಞ ಸುಂದರ್ ಲಾಲ್ ಹೋರಾ ಅವರು 1951ರಲ್ಲಿ ಇದರ ಬಗ್ಗೆ ಬರೆದು ವಿಜ್ಞಾನಿಗಳ ಗಮನಕ್ಕೆ ತಂದರು. ಅರಸನ ವಿನೋದದಲ್ಲಿ ಮೀನು ಬರುವ ಜಾಗವನ್ನು ಮೊದಲೇ ತಿನಿಸು ಹಾಕಿ ಪಳಗಿಸಲಾಗುತ್ತಿತ್ತು. ಇಪ್ಪತ್ತನೆಯ ಶತಮಾನದ ಕಡಲಿನಲ್ಲಿ ದೀಪವು ಮಾಡತೊಡಗಿದ್ದು ಈ ತಿನಿಸಿನ ಕೆಲಸವನ್ನೇ.

ಕರಾವಳಿಯ ಹಳೆಯ ಮೀನುಗಾರಿಕೆಯಲ್ಲಿ ಕೃತಕ ಬೆಳಕಿಗೆ ದೊಡ್ಡ ಪಾತ್ರವಿರಲಿಲ್ಲ. ಹಲವು ಕುಟುಂಬಗಳು ಸೇರಿ ದಡಕ್ಕೆ ಎಳೆಯುವ ಬೃಹತ್ ರಂಪಣಿ ಬಲೆ ಬೂತಾಯಿ, ಬಂಗುಡೆಗಳ ಹಿಂಡು ತಾನಾಗಿ ದಡದ ಹತ್ತಿರ ಬರುವುದನ್ನು ಕಾಯುತ್ತಿತ್ತು. ರಾತ್ರಿ ಹಿಂಡನ್ನು ಗುರುತಿಸಲು ಸಮುದ್ರದ ಸ್ವಂತ ಬೆಳಕೇ ಸಾಕಾಗಿತ್ತು. ನಾಕ್ಟಿಲ್ಯೂಕಾದಂತಹ ಸೂಕ್ಷ್ಮಜೀವಿಗಳು ನೀರು ಕಲಕಿದಾಗ ನೀಲಿಯಾಗಿ ಮಿನುಗುತ್ತವೆ. ಮೀನಿನ ಹಿಂಡು ಸರಿದಾಡಿದಾಗ ಆ ಮಿನುಗು ಒಂದು ರಾಶಿಯಾಗಿ ಕಾಣುತ್ತದೆ, ಅನುಭವಿ ತಾಂಡೇಲನು, ಅಂದರೆ ದೋಣಿಯ ಮುಖಂಡನು, ಅದರ ಆಕಾರ ಮತ್ತು ವೇಗದಿಂದಲೇ ಮೀನು ಯಾವುದೆಂದು ಹೇಳಬಲ್ಲನು. ಬೆಳದಿಂಗಳಿನಲ್ಲಿ ಈ ಮಿನುಗು ಮಸುಕಾಗುವುದರಿಂದ ಅಮಾವಾಸ್ಯೆಯ ಆಸುಪಾಸಿನ ದಿನಗಳಿಗೆ ಬೆಲೆ. ಮುಂದೆ ದೀಪದ ಮೀನುಗಾರಿಕೆಯೂ ಇದೇ ಪಂಚಾಂಗವನ್ನು ಅನುಸರಿಸಿತು, ಕಾರಣ ಮಾತ್ರ ಬೇರೆ: ಚಂದ್ರನ ಬೆಳಕು ಕಡಲಿನ ತುಂಬ ಹರಡಿರುವಾಗ ದೋಣಿಯ ದೀಪವು ಮೀನಿಗೆ ಎದ್ದು ಕಾಣುವುದಿಲ್ಲ.

1950ರ ದಶಕದ ಕೊನೆಯಿಂದ ಯಂತ್ರದೋಣಿಗಳು ಬಂದವು. ಕೇರಳದಲ್ಲಿ 1950ರ ದಶಕದ ಆರಂಭದಲ್ಲಿ ಮೊದಲಾದ ಭಾರತ–ನಾರ್ವೆ ಯೋಜನೆ 1963ರಲ್ಲಿ ಕಾರವಾರಕ್ಕೂ ವಿಸ್ತರಿಸಿತು. 1970ರ ದಶಕದ ನಡುವಿನಲ್ಲಿ ಪರ್ಸೀನ್, ಅಂದರೆ ಮೀನಿನ ಹಿಂಡನ್ನು ಸುತ್ತುವರಿದು ಅಡಿಯ ಹಗ್ಗವನ್ನು ಸಂಚಿಯ ಬಾಯಿಯಂತೆ ಬಿಗಿದು ಎತ್ತುವ ಬಲೆ, ಮಂಗಳೂರಿನ ಕಡೆ ವ್ಯಾಪಾರದ ಪ್ರಮಾಣದಲ್ಲಿ ಬಳಕೆಗೆ ಬಂದಿತು. ದಡಕ್ಕೆ ಬರುವ ಮುನ್ನವೇ ಹಿಂಡು ಬಲೆಗೆ ಬೀಳತೊಡಗಿದುದರಿಂದ ರಂಪಣಿಯವರಿಗೂ ಪರ್ಸೀನಿನವರಿಗೂ ಆ ದಶಕದ ಕೊನೆಯಲ್ಲಿ ತೀವ್ರ ಘರ್ಷಣೆಗಳಾದವು, ಕೆಲವೇ ವರ್ಷಗಳಲ್ಲಿ ರಂಪಣಿಯ ಕಾಲ ಮುಗಿದು ಚಿಕ್ಕ ಕೈರಂಪಣಿಗಳಷ್ಟೇ ಉಳಿದವು. ಯಾರು, ಎಲ್ಲಿ, ಯಾವ ಸಲಕರಣೆಯಿಂದ ಹಿಡಿಯಬಹುದೆಂಬುದನ್ನು ನಿಯಂತ್ರಿಸುವ ಕರ್ನಾಟಕ ಸಮುದ್ರ ಮೀನುಗಾರಿಕೆ ನಿಯಂತ್ರಣ ಕಾಯಿದೆ 1986ರಲ್ಲಿ ರೂಪುಗೊಂಡಿತು. ದೀಪದ ವಿವಾದಕ್ಕೆ ನೆಲ ಹದವಾದದ್ದು ಈ ಹಿಂದಿನ ಜಗಳದಲ್ಲಿಯೇ, ಏಕೆಂದರೆ ಕಡಲಿನ ಮೀನು ಎಲ್ಲರಿಗೂ ಸಲ್ಲಬೇಕಾದದ್ದು, ಅದನ್ನು ನಡುದಾರಿಯಲ್ಲಿ ತಡೆಯುವುದು ಅನ್ಯಾಯ ಎಂಬ ದೂರು ಆಗಲೇ ಮೊಳಗಿತ್ತು.

ಹೊರಜಗತ್ತಿನಲ್ಲಿ ಬೆಳಕಿನ ಮೀನುಗಾರಿಕೆ ಅದಾಗಲೇ ಒಂದು ಶಾಸ್ತ್ರವಾಗಿತ್ತು. ಮೆಡಿಟರೇನಿಯನ್ ಕಡಲಿನಲ್ಲಿ ದೀಪವುಳ್ಳ ಸಣ್ಣ ದೋಣಿಗಳ ಸುತ್ತ ಬಲೆ ಬಿಡುವ ಪದ್ಧತಿ, ಆಫ್ರಿಕಾದ ಟಾಂಗನೀಕಾ ಸರೋವರದಲ್ಲಿ ಒತ್ತಡದ ಸೀಮೆಎಣ್ಣೆ ದೀಪಗಳಿಗೆ ಮುತ್ತುವ ಸಣ್ಣ ಮೀನುಗಳ ಬೇಟೆ, ಜಪಾನಿನಲ್ಲಿ ಸಾಲುಸಾಲು ದೀಪ ಹೊತ್ತ ಬೊಂಡಾಸದ (ಸ್ಕ್ವಿಡ್) ದೋಣಿಗಳು, ಇವೆಲ್ಲವನ್ನೂ ಗಮನಿಸಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು ಬೆನ್-ಯಾಮಿ ಎಂಬ ತಜ್ಞರು ಬರೆದ ಕೈಪಿಡಿಯನ್ನು 1976ರಲ್ಲಿ ಪ್ರಕಟಿಸಿತು. ಬೆಳಕಿಗೆ ಮೀನು ಏಕೆ ಬರುತ್ತದೆ ಎಂಬುದಕ್ಕೆ ಒಂದೇ ಉತ್ತರವಿಲ್ಲ. ಕೆಲವು ಜಾತಿಗಳು ಬೆಳಕಿಗೇ ಸೆಳೆಯಲ್ಪಡುತ್ತವೆ. ಕೆಲವು, ಬೆಳಕಿಗೆ ಮುತ್ತಿದ ತೇಲುಜೀವಿಗಳನ್ನು ತಿನ್ನಲು ಬರುತ್ತವೆ, ಅವನ್ನು ತಿನ್ನಲು ಇನ್ನೂ ದೊಡ್ಡವು ಬರುತ್ತವೆ. ಬೊಂಡಾಸವು ದೀಪದ ನಡುವಿಗೆ ಬಾರದೆ ದೋಣಿಯ ನೆರಳಿನ ಅಂಚಿನಲ್ಲಿ ನಿಂತು ಹೊಂಚುಹಾಕುತ್ತದೆ.

ದೀಪವನ್ನು ನೀರಿನ ಮೇಲಿಂದ ನೀರಿನೊಳಕ್ಕೆ ಇಳಿಸಿದ್ದರ ಹಿಂದೆ ಬೆಳಕಿನ ಸರಳ ನಿಯಮವಿದೆ. ಮೇಲಿನಿಂದ ನೇರವಾಗಿ ಬಿದ್ದ ಬೆಳಕಿನಲ್ಲಿ ನೀರಿನ ಮೈ ಹಿಂದಕ್ಕೆ ಎಸೆಯುವುದು ಶೇಕಡಾ 2ರಷ್ಟು ಮಾತ್ರ. ಆದರೆ ಕಿರಣ ಓರೆಯಾದಂತೆ ಈ ನಷ್ಟ ಏರುತ್ತ ಹೋಗಿ, ಲಂಬರೇಖೆಯಿಂದ 80 ಡಿಗ್ರಿಯಷ್ಟು ವಾಲಿದಾಗ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಬೆಳಕು ನೀರನ್ನು ಹೊಗುವುದೇ ಇಲ್ಲ. ದೋಣಿಯ ಅಂಚಿನ ದೀಪ ದೂರಕ್ಕೆ ಚೆಲ್ಲುವ ಬೆಳಕೆಲ್ಲ ಹೀಗೆ ಓರೆಯದು, ಅದೂ ಅಲೆಗಳ ಏರಿಳಿತಕ್ಕೆ ಸಿಕ್ಕು ಮಿಣುಕುತ್ತದೆ, ಮಿಣುಕು ಬೆಳಕು ಮೀನನ್ನು ಬೆದರಿಸುವುದೂ ಉಂಟು. ದೀಪ ನೀರಿನೊಳಗೇ ಇದ್ದರೆ ಈ ಎರಡು ತೊಡಕುಗಳೂ ಇಲ್ಲ. ಕೊಂಚ ದುಬಾರಿಯಾದರೂ ಮುಳುಗುದೀಪವನ್ನು ಬೇರೆ ದೇಶಗಳವರು ಹಿಂದೆಯೇ ಬಳಸಿದ್ದರು. ಕರ್ನಾಟಕದ ದೋಣಿಗಳಿಗೆ ಅದು ಎಟುಕಿದ್ದು ಎಲ್‌ಇಡಿ ಬಂದ ಮೇಲೆ.

ಎಲ್‌ಇಡಿ ಎಂದರೆ ವಿದ್ಯುತ್ತು ಹಾದಾಗ ಬೆಳಕು ಸೂಸುವ ಅರೆವಾಹಕದ ತುಣುಕು. ಅದಕ್ಕೆ ಮುಂಚಿನ ಮೆಟಲ್ ಹ್ಯಾಲೈಡ್ ದೀಪಗಳಿಗೆ ದೊಡ್ಡ ಜನರೇಟರು, ಬೇಕಾದಷ್ಟು ಡೀಸೆಲ್, ಹೊತ್ತಿಕೊಳ್ಳಲು ಕೆಲವು ನಿಮಿಷಗಳ ಬಿಡುವು ಬೇಕಾಗಿದ್ದವು, ಬಿಸಿ ಗಾಜಿಗೆ ತಣ್ಣೀರು ತಗುಲಿದರೆ ಒಡೆಯುವ ಭಯ ಬೇರೆ. ಕೆಂಪು ಮತ್ತು ಹಸಿರು ಎಲ್‌ಇಡಿಗಳು ಮೊದಲೇ ಇದ್ದರೂ ಪ್ರಖರವಾದ ನೀಲಿಯನ್ನು ಜಪಾನಿನ ನಿಚಿಯಾ ಕಂಪನಿಯ ಶೂಜಿ ನಕಮುರಾ ಅವರು ಸಾಧಿಸಿದ್ದು 1993ರಲ್ಲಿ. ನೀಲಿಗೆ ಹಳದಿ ರಂಜಕದ ಲೇಪ ಸೇರಿಸಿ ಬಿಳಿಯನ್ನು ಪಡೆಯುವ ದಾರಿ ಅದರ ಹಿಂದೆಯೇ ತೆರೆದುಕೊಂಡಿತು, ಇಸಾಮು ಅಕಸಾಕಿ, ಹಿರೋಶಿ ಅಮಾನೊ ಅವರೊಂದಿಗೆ ನಕಮುರಾ ಅವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂದಿತು. ಮನೆಗಳ ಕರೆಂಟು ಬಿಲ್ಲನ್ನು ಇಳಿಸಿದ ಈ ಶೋಧವು ಅದೇ ದಶಕದಲ್ಲಿ ಪಶ್ಚಿಮ ಕರಾವಳಿಯ ಮೀನುಗಾರಿಕೆಯ ಲೆಕ್ಕವನ್ನೂ ಬದಲಿಸಿತು.

ನೀರೊಳಗಿನ ದೀಪದ ಆಯ್ಕೆಯಲ್ಲಿ ಮೊದಲ ಪ್ರಶ್ನೆ ಬಣ್ಣದ್ದು, ಅದರ ಉತ್ತರ ಅಂಗಡಿಯಲ್ಲಿ ಸಿಗುವುದಿಲ್ಲ, ದೋಣಿ ಓಡುವ ನೀರಿನಲ್ಲಿದೆ. ತಿಳಿಯಾದ ಆಳ ಸಮುದ್ರದಲ್ಲಿ ಕೆಂಪು ಬೆಳಕು ಕೆಲವೇ ಮೀಟರುಗಳಲ್ಲಿ ಹೀರಲ್ಪಟ್ಟು ನೀಲಿಯು ಅತಿ ದೂರ ಸಾಗುತ್ತದೆ. ದಡದ ಹತ್ತಿರ, ಪಾಚಿಯೂ ಕೊಳೆತ ಜೈವಿಕ ವಸ್ತುವೂ ಬೆರೆತ ನೀರಿನಲ್ಲಿ ಹಸಿರು ಮೇಲುಗೈ ಪಡೆಯುತ್ತದೆ. ಕಾಡಿನ ತರಗೆಲೆಯ ಕಷಾಯ ಸೇರಿ ಚಹಾದ ಬಣ್ಣ ತಳೆದ ಹಿನ್ನೀರಿನಲ್ಲಿ ನೀಲಿಯೇ ಮೊದಲು ಸಾಯುತ್ತದೆ. ಇಟಲಿಯ ಪಾದ್ರಿ, ಖಗೋಳಜ್ಞ ಆಂಜೆಲೊ ಸೆಕ್ಕಿ 1865ರಲ್ಲಿ ಪೋಪರ ನೌಕೆಯಿಂದ ಬಿಳಿಯ ತಟ್ಟೆಗಳನ್ನು ಇಳಿಬಿಟ್ಟು, ಅವು ಕಣ್ಮರೆಯಾಗುವ ಆಳದಿಂದ ನೀರಿನ ತಿಳಿತನವನ್ನು ಅಳೆದನು. ಸೆಕ್ಕಿ ತಟ್ಟೆ ಎಂದು ಹೆಸರಾದ ಈ ಸಾಧನ ಇಂದಿಗೂ ಕೆರೆ, ಜಲಾಶಯಗಳ ಅಧ್ಯಯನದಲ್ಲಿ ಬಳಕೆಯಲ್ಲಿದೆ. ಸಾವಿರಾರು ರೂಪಾಯಿಯ ದೀಪ ಕೊಳ್ಳುವ ಮುನ್ನ ಹಗ್ಗ ಕಟ್ಟಿದ ಬಿಳಿ ತಟ್ಟೆಯೊಂದನ್ನು ಇಳಿಸಿ ನೋಡುವವರು ವಿರಳ. ತಟ್ಟೆ ಒಂದು ಮೀಟರಿನಲ್ಲಿಯೇ ಮರೆಯಾಗುವ ನೀರಿನಲ್ಲಿ ಎಷ್ಟು ಪ್ರಖರ ದೀಪ ಹಾಕಿದರೂ ಕಾಣುವುದು ದೋಣಿಯ ಸುತ್ತ ಹೊಳೆಯುವ ಮಂಜಿನಂತಹ ಕೆಸರೇ, ಏಕೆಂದರೆ ಮಣ್ಣಿನ ಕಣಗಳು ಬೆಳಕನ್ನು ನೋಡುವವನ ಕಣ್ಣಿಗೇ ಹಿಂದಿರುಗಿಸುತ್ತವೆ.

ಭದ್ರೆಯ ನೀರಿಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. ಗಂಗಾಮೂಲದಲ್ಲಿ ಹುಟ್ಟಿ ಕುದುರೆಮುಖದ ಬೆಟ್ಟಗಳ ನಡುವೆ ಹರಿದು ಬರುವ ಈ ನದಿಗೆ, 1976ರಲ್ಲಿ ಸ್ಥಾಪನೆಯಾದ ಕುದುರೆಮುಖ ಕಬ್ಬಿಣದ ಅದಿರು ಕಂಪನಿಯ ಗಣಿಯಿಂದ ಮಳೆಗಾಲದಲ್ಲಿ ಅಪಾರ ಹೂಳು ಸೇರುತ್ತಿತ್ತು. ಸರ್ವೋಚ್ಚ ನ್ಯಾಯಾಲಯದ ತೀರ್ಪಿನಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಗಣಿಯಿಲ್ಲದೆಯೂ ಮುಂಗಾರಿನ ನೀರು ಕೆಂಪೇ. ಆದುದರಿಂದ ಲಕ್ಕವಳ್ಳಿಯ ಭದ್ರಾ ಅಣೆಕಟ್ಟೆಯ ಹಿನ್ನೀರಿನಲ್ಲಿ ನೀರೊಳಗಿನ ದೀಪಕ್ಕೆ ಏನಾದರೂ ಅರ್ಥವಿದ್ದರೆ ಅದು ಹಿಂಗಾರು ಕಳೆದು ಮಣ್ಣು ತಳ ಸೇರಿದ ತಿಂಗಳುಗಳಲ್ಲಿ, ಅದೂ ಹಸಿರಿನತ್ತ ಒಲಿದ ದೀಪಕ್ಕೆ ಮಾತ್ರ.

ಎರಡನೆಯ ಪ್ರಶ್ನೆ ಶಕ್ತಿಯದು. ಮೋಟಾರು ದೋಣಿಗಳ ಬ್ಯಾಟರಿ ಸಾಮಾನ್ಯವಾಗಿ 12 ಅಥವಾ 24 ವೋಲ್ಟಿನದು. 60 ವಾಟಿನ ನಾಲ್ಕು ದೀಪಗಳನ್ನು 12 ವೋಲ್ಟಿನಲ್ಲಿ ಉರಿಸಿದರೆ 20 ಆಂಪಿಯರ್ ವಿದ್ಯುತ್ತು ಹರಿಯುತ್ತದೆ. ಅರ್ಧಕ್ಕಿಂತ ಕೆಳಗೆ ಇಳಿಸಬಾರದ ನೂರು ಆಂಪಿಯರ್-ಅವರ್ ಸೀಸದ ಬ್ಯಾಟರಿ ಎರಡೂವರೆ ಗಂಟೆಗೇ ಕೈಚೆಲ್ಲುತ್ತದೆ, ಎಂಜಿನ್ ಮತ್ತೆ ಹೊತ್ತಿಸಲು ಅದೇ ಬ್ಯಾಟರಿಯನ್ನು ನಂಬಿದವನು ನೀರಿನ ನಡುವೆ ಉಳಿಯುತ್ತಾನೆ. ಅದೇ ದೀಪಗಳಿಗೆ 24 ವೋಲ್ಟು ಕೊಟ್ಟರೆ ಹರಿವು ಅರ್ಧವಾಗಿ, ತಂತಿಯಲ್ಲಿ ಬಿಸಿಯಾಗಿ ಕಳೆದುಹೋಗುವ ಶಕ್ತಿ ಕಾಲುಭಾಗಕ್ಕೆ ಇಳಿಯುತ್ತದೆ. ವಾಟು ಎಂಬುದು ದೀಪ ನುಂಗುವ ಶಕ್ತಿ, ಲ್ಯೂಮೆನ್ ಎಂಬುದು ಅದು ಕೊಡುವ ಬೆಳಕು; ಕೊಳ್ಳುವವರು ಕೇಳಬೇಕಾದದ್ದು ಎರಡನೆಯದನ್ನು.

ಜೋಡಣೆಯಲ್ಲಿ ಎರಡು ಪದ್ಧತಿಗಳಿವೆ. ದೋಣಿಯ ಮೈಮೇಲೆ ತಿರುಪಿನಿಂದ ಕೂರಿಸುವ ಚಪ್ಪಟೆ ದೀಪಕ್ಕೆ ತಂತಿಯಷ್ಟು ದಪ್ಪದ ತೂತು ಸಾಕು. ಮೈಯನ್ನು ಕೊರೆದು ಒಳಗಿನಿಂದ ಬಿಗಿಯುವ ದೀಪಕ್ಕೆ ಅಗಲವಾದ ತೂತು ಬೇಕಾದರೂ, ಕೆಟ್ಟಾಗ ದೋಣಿಯನ್ನು ದಡಕ್ಕೆ ಎಳೆಯದೆ ಒಳಗಿನ ಭಾಗವನ್ನು ಬದಲಿಸುವ ಅನುಕೂಲ ಕೆಲವು ಮಾದರಿಗಳಲ್ಲಿ ಇದೆ. ನೀರಿನ ಮಟ್ಟದಿಂದ ಕೆಳಗೆ ಕೊರೆಯುವ ಪ್ರತಿಯೊಂದು ತೂತೂ ದೋಣಿ ಮುಳುಗಬಹುದಾದ ಒಂದು ದಾರಿ ಎಂಬುದನ್ನು ಮರದ ದೋಣಿಯ ಬಡಗಿಗಳು ಚೆನ್ನಾಗಿ ಬಲ್ಲರು. ಮರದ ಹಲಗೆಗಾದರೆ ಒಳಬದಿಗೆ ಗಟ್ಟಿಮರದ ಒತ್ತುಹಲಗೆ ಕೊಟ್ಟು, ಫೈಬರ್ ದೋಣಿಗಾದರೆ ತೂತಿನ ಅಂಚಿನಲ್ಲಿ ತೆರೆದುಕೊಳ್ಳುವ ತಿರುಳಿಗೆ ನೀರು ಹೀರದಂತೆ ಎಪಾಕ್ಸಿ ಬಳಿದು, ಆಮೇಲೆ ನೀರಿನಡಿಯ ಬಳಕೆಯ ಅಂಟನ್ನು ತುಂಬಿ ಬಿಗಿಯಬೇಕು. ಉಕ್ಕಿನ ದೋಣಿಯಲ್ಲಿ ತೊಡಕು ಬೇರೆಯದು: ಬೇರೆ ಬೇರೆ ಲೋಹಗಳು ಉಪ್ಪುನೀರಿನಲ್ಲಿ ಒಂದನ್ನೊಂದು ಮುಟ್ಟಿದರೆ ಸಣ್ಣ ಬ್ಯಾಟರಿಯಂತೆ ವರ್ತಿಸಿ, ದುರ್ಬಲ ಲೋಹ ಸವೆಯುತ್ತದೆ. ಕಂಚಿನ ಹೊದಿಕೆಯ ದೀಪಕ್ಕೂ ಉಕ್ಕಿನ ಮೈಗೂ ನಡುವೆ ಪ್ಲಾಸ್ಟಿಕ್ಕಿನ ತಡೆ ಕೊಡುವುದೂ, ತಾನು ಸವೆದು ಉಳಿದದ್ದನ್ನು ಕಾಯುವ ಸತುವಿನ ತುಂಡನ್ನು ಹತ್ತಿರ ಕಟ್ಟುವುದೂ ಇದಕ್ಕಾಗಿ. ದೀಪದ ಜಾಗ ಸಾಮಾನ್ಯವಾಗಿ ದೋಣಿಯ ಹಿಂಬದಿಯ ನಿಂತ ಹಲಗೆ. ಪ್ರೊಪೆಲರಿನ ನೊರೆ ಹಾಯದಂತೆ, ಆಳ ಅಳೆಯುವ ಯಂತ್ರದ ಮುಂದೆ ಗುಳ್ಳೆ ಏಳದಂತೆ ಅದನ್ನು ಇಡಬೇಕು. ನೀರೇ ಇವುಗಳನ್ನು ತಂಪಾಗಿಡುವುದರಿಂದ ದಡದಲ್ಲಿ ನಿಲ್ಲಿಸಿ ಹೊತ್ತು ಹೊತ್ತು ಉರಿಸಿ ನೋಡಿದರೆ ಕೆಡುವ ದೀಪಗಳೂ ಉಂಟು. ಇಷ್ಟೆಲ್ಲ ಆದಮೇಲೂ ಕೆಲವೇ ವಾರಗಳಲ್ಲಿ ಗಾಜಿಗೆ ಪಾಚಿ, ಕಡಲಾದರೆ ಚಿಪ್ಪುಹುಳು ಮೆತ್ತಿಕೊಳ್ಳುತ್ತದೆ, ಅದನ್ನು ಕೆರೆಯುವ ಕೆಲಸಕ್ಕೆ ಕೊನೆಯಿಲ್ಲ.

ಮಲ್ಪೆ, ಮಂಗಳೂರುಗಳ ಮೀನುಗಾರರು ಈ ಕೊರೆಯುವ ತಾಪತ್ರಯಕ್ಕೆ ಹೋಗಲಿಲ್ಲ. ಲೈಟ್ ಫಿಶಿಂಗ್ ಎಂದೇ ಇಲ್ಲಿ ಕರೆಯಲ್ಪಡುವ ಪದ್ಧತಿಯಲ್ಲಿ ದೀಪವನ್ನು ಭಾರದೊಂದಿಗೆ ಕೇಬಲಿಗೆ ಕಟ್ಟಿ ಇಳಿಬಿಡಲಾಗುತ್ತದೆ. ಜನರೇಟರು ಹೊತ್ತ ದೋಣಿ ಕತ್ತಲಲ್ಲಿ ಲಂಗರು ಹಾಕಿ ಗಂಟೆಗಟ್ಟಲೆ ಕಾದು, ಮೀನು ನೆರೆದ ಮೇಲೆ ಒಂದೊಂದೇ ದೀಪವನ್ನು ಆರಿಸುತ್ತ, ಉಳಿದುದನ್ನು ಮೆಲ್ಲನೆ ಮೇಲೆತ್ತುತ್ತ ಹಿಂಡನ್ನು ಒತ್ತೊತ್ತಾಗಿಸುತ್ತದೆ. ಆಗ ಪರ್ಸೀನ್ ಬೋಟು ಸುತ್ತುಹಾಕುತ್ತದೆ. ಹಿಂಡನ್ನು ಹುಡುಕಿ ಅಲೆಯುವ ಡೀಸೆಲ್ ಉಳಿಯಿತು, ಹಿಡಿತ ಹೆಚ್ಚಿತು. ಜೊತೆಗೆ ಬೆಳಕಿಗೆ ಬರುವ ಮರಿಮೀನುಗಳೂ ಬಲೆಗೆ ಬಿದ್ದವು, ನಾಡದೋಣಿಯವರ ಬಲೆ ಬರಿದಾಯಿತೆಂಬ ದೂರು ಗೋವಾದಿಂದ ಕೇರಳದವರೆಗೆ ಎದ್ದಿತು. ಕೇಂದ್ರ ಸರ್ಕಾರವು 2017ರ ನವೆಂಬರ್‌ನಲ್ಲಿ, ದಡದಿಂದ 12 ನಾಟಿಕಲ್ ಮೈಲಿಯ ರಾಜ್ಯದ ಜಲಪ್ರದೇಶದ ಆಚೆ 200 ಮೈಲಿಯವರೆಗಿನ ವಿಶೇಷ ಆರ್ಥಿಕ ವಲಯದಲ್ಲಿ, ಎರಡು ದೋಣಿಗಳು ಜೊತೆಯಾಗಿ ಎಳೆಯುವ ಬುಲ್ ಟ್ರಾಲಿಂಗನ್ನೂ, ನೀರಿನ ಮೇಲಿನ ಹಾಗೂ ಮುಳುಗಿಸಿದ ಕೃತಕ ದೀಪಗಳ ಬಳಕೆಯನ್ನೂ ನಿಷೇಧಿಸಿತು. ತನ್ನ ವ್ಯಾಪ್ತಿಯಲ್ಲಿ ಕರ್ನಾಟಕವೂ ಲೈಟ್ ಫಿಶಿಂಗನ್ನು ನಿಷೇಧಿಸಿದೆ. ಮಲ್ಪೆಯಲ್ಲಿ ಕೇಂದ್ರಕಚೇರಿ ಹೊಂದಿರುವ ಕರಾವಳಿ ಕಾವಲು ಪೊಲೀಸರಿಗೂ ಮೀನುಗಾರಿಕೆ ಇಲಾಖೆಗೂ ಜನರೇಟರು, ದೀಪಗಳ ತಪಾಸಣೆ ಹೊಸ ಕೆಲಸವಾಯಿತು. ಸಾಲ ಮಾಡಿ ದೋಣಿ ಸಜ್ಜುಗೊಳಿಸಿದವರ ಪ್ರತಿಭಟನೆಗಳೂ ನಡೆದವು. ಮೇಲಿನ ದೀಪ, ಒಳಗಿನ ದೀಪ ಎಂಬ ಭೇದವನ್ನು ಆದೇಶ ಮಾಡಲಿಲ್ಲ, ಅದು ಸರಿಯಾದ ತೀರ್ಮಾನವೇ. ಕರೆಯುವ ಕೆಲಸ ಎರಡರದೂ ಒಂದೇ, ಬಲದಲ್ಲಷ್ಟೇ ಹೆಚ್ಚುಕಡಿಮೆ.

ಲಕ್ಕವಳ್ಳಿಯ ಕತೆ ಇನ್ನೊಂದು ದಾರಿ ಹಿಡಿಯಿತು. ಸ್ವಾತಂತ್ರ್ಯದ ಹೊತ್ತಿಗೆ ಆರಂಭವಾಗಿ 1960ರ ದಶಕದಲ್ಲಿ ಪೂರ್ಣಗೊಂಡ ಭದ್ರಾ ಅಣೆಕಟ್ಟೆ 186 ಅಡಿಯ ಪೂರ್ಣಮಟ್ಟದಲ್ಲಿ 71.5 ಟಿಎಂಸಿ ನೀರು ಹಿಡಿಯುತ್ತದೆ. ಹತ್ತುಮೀನು ಏರುತ್ತಿದ್ದ ಅನೇಕ ಹಳ್ಳಗಳ ಬಾಯಿ ಈ ನೀರಿನಲ್ಲಿ ಮುಳುಗಿತು, ಹೊಳೆಯ ಮೀನಿನ ಜಾಗಕ್ಕೆ ಬಿತ್ತಿದ ಕಾಟ್ಲಾ, ರೋಹುಗಳು ಬಂದವು, ತೊರೆಯಲ್ಲಿ ಕತ್ತಿ ಹಿಡಿಯುತ್ತಿದ್ದ ಸೀಮೆಯಲ್ಲಿ ಹರಿಗೋಲು ಮತ್ತು ಗಿಲ್‌ನೆಟ್ಟಿನ ಮೀನುಗಾರಿಕೆ ಬೆಳೆಯಿತು. ಸಂಜೆ ಬಲೆ ಬಿಟ್ಟು ಬೆಳಗಿಗೆ ಎತ್ತುವ ಈ ಕಸುಬಿಗೆ ದೀಪ ಬೇಕಾದದ್ದು ಬಲೆಯ ತೇಲುಬುರುಡೆಯನ್ನು ಹುಡುಕುವುದಕ್ಕಷ್ಟೇ. ಜಲಾಶಯದ ಒಂದು ಮಗ್ಗುಲಿನ ಕಾಡು 1951ರಲ್ಲಿ ಜಾಗರ ಕಣಿವೆಯ ಅಭಯಾರಣ್ಯವಾಗಿ, 1974ರಲ್ಲಿ ವಿಸ್ತರಿಸಿ ಭದ್ರಾ ಎಂಬ ಹೆಸರು ಪಡೆದು, 1998ರಲ್ಲಿ ಹುಲಿ ಯೋಜನೆಗೆ ಸೇರಿತು. ಜಂಗಲ್ ಲಾಡ್ಜಸ್ ಸಂಸ್ಥೆಯ ಲಕ್ಕವಳ್ಳಿಯ ವಸತಿಗೆ ಹೆಸರು ಕೊಟ್ಟ ರಿವರ್ ಟರ್ನ್ ಹಕ್ಕಿ ಬೇಸಗೆಯಲ್ಲಿ ನೀರಿಳಿದು ತಲೆಯೆತ್ತುವ ನಡುಗಡ್ಡೆಗಳ ಬರಿನೆಲದಲ್ಲಿ ಮೊಟ್ಟೆಯಿಡುತ್ತದೆ. ಪ್ರವಾಸಿಗರ ಮೋಟಾರು ದೋಣಿಗಳು ಹಗಲಿನಲ್ಲಿ ಹೊರಟು ಕತ್ತಲಾಗುವ ಮುನ್ನ ಹಿಂದಿರುಗುತ್ತವೆ. ನೀರು ತಿಳಿಯಾಗಿ ದೀಪಕ್ಕೆ ಅನುಕೂಲವಾದ ತಿಂಗಳುಗಳೇ ಹಕ್ಕಿ ಗೂಡು ಕಟ್ಟುವ ತಿಂಗಳುಗಳೂ ಆಗಿರುವುದರಿಂದ, ಇಲ್ಲಿಯ ದೋಣಿಗೆ ನೀರೊಳಗಿನ ದೀಪ ಹೊಂದಿಸುವ ಪ್ರಶ್ನೆ ಶೋಕಿಯ ಮಟ್ಟದಲ್ಲಿಯೂ ಏಳುವಂತಿಲ್ಲ.

ರಾತ್ರಿ ಓಡುವ ದೋಣಿಗೆ ಬೇರೆಡೆಯಾದರೂ ಒಂದು ಕಟ್ಟುಪಾಡು ತಪ್ಪದು. 1972ರ ಅಂತರರಾಷ್ಟ್ರೀಯ ಸಮುದ್ರ ಸಂಚಾರ ನಿಯಮಗಳ ಪ್ರಕಾರ ದೋಣಿಯ ಎಡಕ್ಕೆ ಕೆಂಪು, ಬಲಕ್ಕೆ ಹಸಿರು, ಎಳೆಬಲೆಯವರಿಗೆ ಬಿಳಿಯ ಮೇಲೆ ಹಸಿರು, ಉಳಿದ ಮೀನುಗಾರರಿಗೆ ಬಿಳಿಯ ಮೇಲೆ ಕೆಂಪು ಎಂಬ ಗುರುತುಗಳಿವೆ, ಇವುಗಳೊಂದಿಗೆ ಗೊಂದಲ ಹುಟ್ಟಿಸುವ ಬೇರೆ ದೀಪವನ್ನು ತೋರಿಸಕೂಡದು. ತಳದಲ್ಲಿ ಕೆಂಪು, ಹಸಿರು ಹೊಳೆಸಿಕೊಂಡು ಸಾಗುವ ವಿಹಾರದ ದೋಣಿ ಎದುರಿನವನಿಗೆ ತನ್ನ ದಿಕ್ಕನ್ನೇ ತಪ್ಪಾಗಿ ಹೇಳಬಲ್ಲದು. ಚಲಿಸುವಾಗ ಇವನ್ನು ಆರಿಸಿ, ಲಂಗರು ಹಾಕಿದಾಗ ಮಾತ್ರ ಬೆಳಗಿಸುವ ರೂಢಿ ಅದಕ್ಕಾಗಿಯೇ ಬಂದಿದೆ. ಕಡಲಿನ ಮೀನುಗಾರರ ವಿಷಯದಲ್ಲಿ ಮಾತ್ರ ಹುಡುಕಾಟದ ಸಲಕರಣೆ ದೀಪದೊಂದಿಗೆ ನಿಂತಿಲ್ಲ. ನೀರಿಗೆ ಶಬ್ದದ ಮಿಡಿತ ಕಳಿಸಿ, ಹಿಂದಿರುಗುವ ಮಾರ್ದನಿಯಿಂದ ಹಿಂಡಿನ ಆಳ, ದೂರ, ಗಾತ್ರಗಳನ್ನು ತೆರೆಯ ಮೇಲೆ ಮೂಡಿಸುವ ಎಕೋಸೌಂಡರ್, ಸೋನಾರ್‌ಗಳು ದೊಡ್ಡ ದೋಣಿಗಳಲ್ಲಿ ಸಾಮಾನ್ಯವಾಗಿವೆ, ದೀಪದ ಮೇಲಿನ ನಿಷೇಧ ಇವನ್ನು ಮುಟ್ಟುವುದಿಲ್ಲ. ಇವು ಮೀನನ್ನು ಕರೆಯುವುದಿಲ್ಲ, ಇದ್ದಲ್ಲಿ ಕಾಣಿಸುತ್ತವೆ. ಆದರೆ ಸೂಡಿ ಹಿಡಿದವನಿಗೆ ತೋಡಿನ ಒಂದು ಮಾರು ಕಂಡರೆ, ಸೋನಾರ್ ಹೊತ್ತ ತಾಂಡೇಲನಿಗೆ ದೋಣಿಯ ಸುತ್ತ ನೂರಾರು ಮೀಟರ್ ಕಾಣುತ್ತದೆ, ಮಳೆಯನ್ನಾಗಲಿ ಅಮಾವಾಸ್ಯೆಯನ್ನಾಗಲಿ ಅವನು ಕಾಯಬೇಕಾಗಿಲ್ಲ.